ಸೈನಿಕ ಹುಳು ಅಕ್ಕಾರಿಗೆ, ನಾಲ್ಕು ತಾಲ್ಲೂಕಿನ ಪರವಾಗಿ

ಶ್ರೀಮತಿ ಸ್ಪೊಡಾಪ್ಟೆರಾ ಫ್ರೂಜಿಪರ್ಡಾ ಅಕ್ಕಾರಿಗೆ,

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕೂ ತಾಲ್ಲೂಕಿನ ಗೊಂಜಾಳದ, ಅಂದರೆ ಮೆಕ್ಕೆಜೋಳದ, ರೈತರ ಪರವಾಗಿ ಈ ಪತ್ರ. ಅವರೇನೂ ಠರಾವು ಪಾಸು ಮಾಡಿ ನನ್ನನ್ನು ಆರಿಸಿಲ್ಲ. ಬಹಿರಂಗ ಪತ್ರ ಬರೆಯುವವರು ಯಾರ ಪರವಾಗಿಯಾದರೂ ಬರೆಯಬೇಕು ಎಂಬ ರಿವಾಜು ಇದೆಯಲ್ಲ, ಅದಕ್ಕೆ. ಊರಲ್ಲಿ ನಿಮ್ಮನ್ನು ಇಷ್ಟು ಮರ್ಯಾದೆಯಿಂದ ಯಾರೂ ಕರೆಯುವುದಿಲ್ಲ. ಇಲಾಖೆಯ ಕರಪತ್ರದಲ್ಲಿ ನೀವು ‘ಫಾಲ್ ಸೈನಿಕ ಹುಳು’, ಹೊಲದಲ್ಲಿ ಬರೀ ‘ಕೀಡಿ’. ಆ ಕೀಡಿಯ ಮುಂದೆ ನಮ್ಮವರು ಇನ್ನೊಂದು ಮಾತು ಸೇರಿಸುತ್ತಾರೆ; ಅದನ್ನು ಅಚ್ಚು ಹಾಕುವಂತಿಲ್ಲ. ನಾನೂ ಹಾಗೇ ಕರೆಯುತ್ತಿದ್ದವನೇ. ನಿಮ್ಮ ಇನ್ನೊಂದು ಸಂಸಾರದ ಸುದ್ದಿ ಕಿವಿಗೆ ಬಿದ್ದ ಮೇಲೆ ಬಹುವಚನ ತಾನಾಗಿ ಬರುತ್ತಿದೆ. ಶ್ರೀಮತಿ ಅಂದದ್ದಕ್ಕೂ ಕಾರಣ ಇದೆ, ಮುಂದೆ ಹೇಳುತ್ತೇನೆ.

ಮೊದಲು ನಿಮ್ಮ ಗುಳೆಯ ವಿಚಾರ. ಗುಳೆ ಅಂದರೇನು ಅಂತ ನಮ್ಮ ಭಾಗಕ್ಕೆ ಯಾರೂ ಕಲಿಸಬೇಕಿಲ್ಲ. ಸುಗ್ಗಿ ಮುಗಿದರೆ ಇಂಡಿ, ಸಿಂದಗಿ ಕಡೆಯ ಎಷ್ಟೋ ಮನೆಗೆ ಬೀಗ ಬೀಳುತ್ತದೆ. ಹುಡುಗರು ಪುಣೆ, ಮುಂಬೈ, ಗೋವಾ ಅಂತ ಗೌಂಡಿ ಕೆಲಸಕ್ಕೆ ಬಸ್ಸು ಹತ್ತುತ್ತಾರೆ. ನೀವು ಬಂದ ದಾರಿಯ ಮುಂದೆ ಅದೆಲ್ಲ ಓಣಿ ದಾಟಿದ ಹಾಗೆ. ನಿಮ್ಮ ತವರು ಅಮೆರಿಕ ಖಂಡ. 1797ರಷ್ಟು ಹಿಂದೆಯೇ ಜೆ. ಇ. ಸ್ಮಿತ್ ಎಂಬ ಇಂಗ್ಲಿಷ್ ಪಂಡಿತರು ಜಾರ್ಜಿಯಾ ಸೀಮೆಯ ಪತಂಗಗಳ ಪುಸ್ತಕದಲ್ಲಿ ನಿಮಗೆ ನಾಮಕರಣ ಮಾಡಿದರು. 2016ರಲ್ಲಿ ಆಫ್ರಿಕಾದಲ್ಲಿ ಕಾಣಿಸಿಕೊಂಡಿರಿ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಮೆಕ್ಕೆಜೋಳದ ಹೊಲದಲ್ಲಿ ಕೃಷಿ ವಿಜ್ಞಾನಿಗಳ ಕಣ್ಣಿಗೆ ಬಿದ್ದಿರಿ. ಇಡೀ ಭಾರತದಲ್ಲಿ ನಿಮ್ಮನ್ನು ಮೊಟ್ಟಮೊದಲು ಬರಮಾಡಿಕೊಂಡ ಕೀರ್ತಿ ಕರ್ನಾಟಕದ್ದು. ಬಂಡವಾಳ ಹೂಡುವವರ ಸಮಾವೇಶಗಳಲ್ಲಿ ಈ ಮಾತು ಯಾಕೋ ಬರುವುದಿಲ್ಲ. ನೀವು ಒಂದು ರಾತ್ರಿಗೆ ನೂರು ಕಿಲೋಮೀಟರ್ ಹಾರಬಲ್ಲವರು. ಶಿವಮೊಗ್ಗದಿಂದ ನಮ್ಮ ಡೋಣಿ ಹೊಳೆಯ ಸಾಲಿಗೆ ಬರಲು ನಿಮಗೆ ರಿಸರ್ವೇಶನ್ ಬೇಕಾಗಲಿಲ್ಲ.

ಬಂದವರು ಸುಮ್ಮನೆ ಕೂಡಲಿಲ್ಲ. ಗೊಂಜಾಳ ಮೊಣಕಾಲೆತ್ತರ ಬರುವಷ್ಟರಲ್ಲಿ ಸುಳಿಯೊಳಗೆ ಇಳಿದು ಬಿಡಾರ ಹೂಡಿದಿರಿ. ಎಲೆ ಬಿಚ್ಚಿಕೊಂಡಾಗ ಅಡ್ಡಸಾಲಾಗಿ ತೂತು, ಸುಳಿಯ ತುಂಬ ಕಟ್ಟಿಗೆ ಹೊಟ್ಟಿನಂಥ ಲದ್ದಿ. ಗುರುತು ಹಿಡಿಯುವುದನ್ನು ನಾವು ಬೇಗ ಕಲಿತೆವು: ಹಣೆಯ ಮೇಲೆ ತಲೆಕೆಳಗಾದ ಇಂಗ್ಲಿಷ್ ‘ವೈ’, ಬಾಲದ ಹತ್ತಿರ ಚೌಕಾಕಾರಕ್ಕೆ ಕೂಡಿಸಿದ ನಾಲ್ಕು ಕರಿ ಚುಕ್ಕೆ. ಒಂದು ಸುಳಿಗೆ ದೊಡ್ಡ ಹುಳು ಸಾಮಾನ್ಯವಾಗಿ ಒಂದೇ ಇರುತ್ತದೆ. ಬಲಿತ ಮೇಲೆ ಪಕ್ಕದ ಅಣ್ಣತಮ್ಮಂದಿರನ್ನೇ ತಿಂದು ಜಾಗ ಖುಲ್ಲಾ ಮಾಡಿಕೊಳ್ಳುತ್ತೀರಿ. ಈ ಪದ್ಧತಿ ನಮ್ಮ ಪಂಚಾಯತಿ ರಾಜಕಾರಣದಲ್ಲೂ ಇರುವುದರಿಂದ ಅದರ ಬಗ್ಗೆ ನನ್ನದು ತಕರಾರಿಲ್ಲ. ಇಂಡಿಯ ಲಿಂಬೆ ತೋಟಗಳಿಗೆ ನೀವು ಬಾಯಿ ಹಾಕದೆ ಬಿಟ್ಟದ್ದಕ್ಕೆ ಉಪಕಾರ. ಅಲ್ಲಿ ಲಿಂಬೆ ಚಿಟ್ಟೆಯ ಹುಳು ಮೊದಲೇ ಹಕ್ಕು ಸಾಧಿಸಿದೆ. ಜೋಳಕ್ಕೆ ಕೈ ಹಚ್ಚಿದ್ದು ಮಾತ್ರ ಸರಿ ಅನಿಸಲಿಲ್ಲ. ಗೊಂಜಾಳ ಮಾರುವ ಬೆಳೆ, ಜೋಳ ನಮ್ಮ ರೊಟ್ಟಿ.

ಆದರೂ ಬಸವಣ್ಣನವರು ಹುಟ್ಟಿದ ನಾಡು ಇದು. ಬಂದವರನ್ನು ದಾಸೋಹವಿಲ್ಲದೆ ಕಳಿಸಿದ ಅಪವಾದ ನಮಗೆ ಬೇಡ. ವಿಜ್ಞಾನಿಗಳು ಕೊಟ್ಟ ಅಡುಗೆಯ ಅಳತೆ ಹೀಗಿತ್ತು: 10 ಕಿಲೋ ಅಕ್ಕಿ ತೌಡು, 2 ಕಿಲೋ ಬೆಲ್ಲ, ಕಲಸಲು ಎರಡು ಮೂರು ಲೀಟರ್ ನೀರು, ಒಂದು ದಿನ ಹುಳಿ ಬರಲು ಇಡಬೇಕು, ಬಡಿಸುವ ಮುಂಚೆ 100 ಗ್ರಾಂ ಥಯೋಡಿಕಾರ್ಬ್ ಎಂಬ ವಿಷ. ಇದನ್ನು ಚಿಟಿಕೆ ಚಿಟಿಕೆಯಾಗಿ ಒಂದೊಂದು ಸುಳಿಗೂ ಹಾಕಬೇಕು. ಇಷ್ಟು ಸಾವಕಾಶ ಇಲ್ಲದವರು ಬೆನ್ನಿಗೆ ಪಂಪು ಕಟ್ಟಿಕೊಂಡು ಎಣ್ಣಿ ಹೊಡೆದರು. ಎಣ್ಣಿ ಅಂದರೆ ಹೊರಗಿನವರು ತಪ್ಪು ತಿಳಿಯಬಾರದು, ನಮ್ಮ ಕಡೆ ಕೀಟನಾಶಕಕ್ಕೆ ಹಾಗನ್ನುತ್ತಾರೆ. ಒಬ್ಬೊಬ್ಬರು ಒಂದೊಂದು ಡಬ್ಬಿ ತಂದರು. ಅಂಗಡಿಯವರು ಕೊಟ್ಟಿದ್ದೇ ಔಷಧ, ಅವರು ಹೇಳಿದ್ದೇ ಅಳತೆ.

ಹೀಗೆ ನಿಮ್ಮ ನಮ್ಮ ಸಂಬಂಧ ಒಂದು ನೆಲೆಗೆ ಬಂದಿತ್ತು. ಅಷ್ಟರಲ್ಲಿ ಪಂಚಮಿಗೆ ಸಿಂದಗಿಗೆ ಬಂದಿದ್ದ ನನ್ನ ತಂಗಿಯ ಮಗಳು ನಮ್ಮ ಹೊಲಕ್ಕೂ ಬಂದಳು. ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ ಕೆಲಸ ಅವಳದು. ಹುತ್ತಕ್ಕೆ ಹಾಲೆರೆದು ಹುಳಕ್ಕೆ ಎಣ್ಣಿ ಹೊಡೆಯುವ ನಮ್ಮ ಹಬ್ಬದ ಕ್ರಮ ಅವಳಿಗೆ ಹೊಸದಲ್ಲ. ಸುಳಿಯಿಂದ ನಿಮ್ಮವರೊಬ್ಬರನ್ನು ಕಡ್ಡಿಯಿಂದ ಎಬ್ಬಿಸಿ ತೋರಿಸಿದೆ. ಹೇಸಿಕೊಳ್ಳಲಿಲ್ಲ, ಬೀಗರನ್ನು ಕಂಡವಳ ಮುಖ ಮಾಡಿ ಫೋಟೊ ತೆಗೆದಳು.

‘ಮಾಮಾ, ಇದರ ಜೀವಕೋಶ ನಮ್ಮ ಲ್ಯಾಬಿನಾಗ ಅದಾವ್ರೀ. ಅದರಾಗ ನಾವು ಮನಷ್ಯಾರ ಕೈನೇಸ್ ಮಾಡಸ್ತೀವಿ.’

‘ಏನ್ ಮಾಡಸ್ತೀರಿ?’

‘ಕೈನೇಸ್. ಒಂದು ನಮೂನಿ ಕಿಣ್ವ. ಭಾಳ ತುಟ್ಟಿ ಐತ್ರೀ.’

‘ಮನಷ್ಯಾಂದು ಮನಷ್ಯಾನ ಮೈಯಾಗ ಇರೂದಿಲ್ಲೇನು? ಹುಳದ ಕೈಲೆ ಯಾಕ ಮಾಡಸ್ತೀರಿ?’

ಅವಳು ಹೊಲದ ಬದುವಿನ ಮೇಲೆ ಕೂತು ಹೇಳಿದ್ದನ್ನು ಆಮೇಲೆ ಅಲ್ಲಿ ಇಲ್ಲಿ ಓದಿ ತಿಳಿದುಕೊಂಡೆ. ಅಕ್ಕಾರ, ನೀವು ಇಷ್ಟು ದೊಡ್ಡ ಮಂದಿ ಅಂತ ಗೊತ್ತಿರಲಿಲ್ಲ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿ ಜೇಮ್ಸ್ ವಾನ್ ಮತ್ತು ಸಂಗಡಿಗರು 1970ರ ದಶಕದಲ್ಲಿ ಗೂಡಿನೊಳಗಿದ್ದ, ಇನ್ನೂ ಪತಂಗವಾಗದ ನಿಮ್ಮ ಮನೆತನದ ಹೆಣ್ಣುಮಕ್ಕಳ ಅಂಡಾಶಯ ತೆಗೆದು, ಅದರ ಜೀವಕೋಶಗಳನ್ನು ಗಾಜಿನ ಸೀಸೆಯಲ್ಲಿ ಬೆಳೆಸಿದರು. 1977ರಲ್ಲಿ ಆ ಸಂಗತಿ ಪ್ರಕಟವಾಯಿತು. ಎಸ್‌ಎಫ್-21 ಅಂತ ಹೆಸರಿಟ್ಟರು. ಎಸ್ ಮತ್ತು ಎಫ್ ನಿಮ್ಮದೇ ಹೆಸರಿನ ಮೊದಲ ಅಕ್ಷರಗಳು. ಅದರೊಳಗಿಂದ ಟೆಕ್ಸಾಸಿನಲ್ಲಿ ಮ್ಯಾಕ್ಸ್ ಸಮ್ಮರ್ಸ್ ಮತ್ತು ಗೇಲ್ ಸ್ಮಿತ್ ಆರಿಸಿ ತೆಗೆದ ತಳಿಯೇ ಎಸ್‌ಎಫ್-9. ಆ ಅಂಡಾಶಯದ ಒಡತಿಯರು ತೀರಿಕೊಂಡು ಎಷ್ಟೋ ವರ್ಷವಾಯಿತು, ಜೀವಕೋಶಗಳು ಮಾತ್ರ ಇವತ್ತಿಗೂ ಒಡೆದು ಎರಡಾಗುತ್ತ, ಎರಡು ನಾಲ್ಕಾಗುತ್ತ ಜಗತ್ತಿನ ಪ್ರಯೋಗಾಲಯಗಳಲ್ಲಿ ಬಾಳುವೆ ಮಾಡುತ್ತಿವೆ. ನಿಮಗೆ ಶ್ರೀಮತಿ ಅಂದದ್ದು ಇದಕ್ಕೇ. ಅವರಿಗೆ 27 ಡಿಗ್ರಿಯ ಹವೆ ಬೇಕು, ಹೆಚ್ಚೂ ಇಲ್ಲ ಕಡಿಮೆಯೂ ಇಲ್ಲ. ಏಪ್ರಿಲ್-ಮೇ ತಿಂಗಳಲ್ಲಿ ವಿಜಯಪುರ 42 ಡಿಗ್ರಿ ದಾಟಿದಾಗ, ತ್ರೀ ಫೇಸ್ ಕರೆಂಟು ಯಾವಾಗ ಬಂದೀತು ಅಂತ ನಡುರಾತ್ರಿ ಪಂಪ್‌ಸೆಟ್ಟಿನ ಮುಂದೆ ಕೂತವನಿಗೆ ಈ 27ರ ಸಂಖ್ಯೆ ಬಹಳ ಸುಖವಾಗಿ ಕೇಳಿಸುತ್ತದೆ.

ಇನ್ನು ಕೈನೇಸ್. ಅಂಚೆ, ಫೋನು, ವಾಟ್ಸಾಪು ಇಲ್ಲದ ಜೀವಕೋಶದೊಳಗೆ ಸುದ್ದಿ ಹೇಗೆ ಮುಟ್ಟುತ್ತದೆ? ಫಾಸ್ಫೇಟಿನಿಂದ. ಕೈನೇಸ್ ಎಂಬ ಕಿಣ್ವ ಎಟಿಪಿ ಎಂಬ ಅಣುವಿನ ತುದಿಯಿಂದ ಒಂದು ಫಾಸ್ಫೇಟ್ ಗುಂಪನ್ನು ಬಿಡಿಸಿ ಇನ್ನೊಂದು ಪ್ರೋಟೀನಿನ ಮೇಲೆ ಕೂಡಿಸುತ್ತದೆ. ಕೂಡಿಸಿದ ಕೂಡಲೇ ಆ ಪ್ರೋಟೀನಿನ ಆಕಾರ ಬದಲಾಗಿ, ಮಲಗಿದ್ದು ಏಳುತ್ತದೆ ಇಲ್ಲವೇ ಎದ್ದಿದ್ದು ಮಲಗುತ್ತದೆ. ಎದ್ದದ್ದು ಎಷ್ಟೋ ಸಲ ಇನ್ನೊಂದು ಕೈನೇಸೇ ಆಗಿದ್ದು, ಅದು ಮತ್ತೊಂದನ್ನು ಎಬ್ಬಿಸುತ್ತದೆ. ಎರಡು ರೊಟ್ಟಿ ತಿಂದಾಗ ರಕ್ತಕ್ಕೆ ಇಳಿಯುವ ಇನ್ಸುಲಿನ್ ಜೀವಕೋಶದ ಬಾಗಿಲಲ್ಲಿ ಹೋಗಿ ಕೂಡುವುದು ಒಂದು ಕೈನೇಸಿನ ಮೇಲೆಯೇ. ಜೀವಕೋಶ ಬೆಳೆಯಲಿ, ಒಡೆಯಲಿ, ಸಾಯಲಿ ಎಂಬ ಅಪ್ಪಣೆಗಳೆಲ್ಲ ಬಹುಪಾಲು ಹೀಗೇ ಸಾಗುತ್ತವೆ. ಎಡ್ವಿನ್ ಕ್ರೆಬ್ಸ್ ಮತ್ತು ಎಡ್ಮಂಡ್ ಫಿಷರ್ 1955ರ ಸುಮಾರಿಗೆ ಮೊಲದ ಸ್ನಾಯುವಿನಲ್ಲಿ ಈ ಕಸುಬನ್ನು ಕಂಡುಹಿಡಿದರು, ನೊಬೆಲ್ ಬಂದದ್ದು 1992ರಲ್ಲಿ. ಬೆಳೆವಿಮೆಯ ದುಡ್ಡಿಗೆ ಕಾಯ್ದು ರೂಢಿಯಿರುವ ನಮಗೆ ಇದೇನೂ ಅತಿಯಲ್ಲ. ಮನುಷ್ಯನ ವಂಶವಾಹಿಗಳಲ್ಲಿ ಇಂಥ ಕೈನೇಸುಗಳು 518 ಇವೆ ಎಂದು 2002ರಲ್ಲಿ ಲೆಕ್ಕ ಹಾಕಿದರು.

ಫಾಸ್ಫೇಟು ನಮಗೂ ಗೊತ್ತು. ಚೀಲಕ್ಕೆ 1,350 ರೂಪಾಯಿ ಕೊಟ್ಟು, ಆಧಾರ್ ಕಾರ್ಡು ಹಿಡಿದು, ಪಾಳಿ ಹಚ್ಚಿ ತರುವ ಡಿಎಪಿಯಲ್ಲಿ ನೂರಕ್ಕೆ 46 ಪಾಲು ಅದರದೇ ಲೆಕ್ಕ. ನಾವು ಅದನ್ನು ಚೀಲಗಟ್ಟಲೆ ಹೊತ್ತು ಮಣ್ಣಿಗೆ ಸುರಿಯುತ್ತೇವೆ; ಕೈನೇಸ್ ಒಂದೊಂದಾಗಿ ಹೊತ್ತು ಇಂಥ ಜಾಗದಲ್ಲೇ ಇಡುತ್ತದೆ. ಹೊರುವ ಕೂಲಿಯಲ್ಲಿ ಇಷ್ಟು ವ್ಯತ್ಯಾಸ ಯಾಕೆ ಅಂತ ಕೇಳುವ ಮುಂಚೆ ತಯಾರಿಯ ವಿಚಾರ ಮುಗಿಸುತ್ತೇನೆ.

ಮನುಷ್ಯನ ಪ್ರೋಟೀನು ಅಗ್ಗದಲ್ಲಿ ಬೇಕಿದ್ದರೆ ಮೊದಲು ಕರೆಯುವುದು ಇ. ಕೋಲಿ ಎಂಬ ಬ್ಯಾಕ್ಟೀರಿಯವನ್ನು. ಇನ್ಸುಲಿನ್ ಅದು ಮಾಡಿಕೊಟ್ಟಿದೆ. ಕೈನೇಸಿನ ಕೆಲಸ ಕೊಟ್ಟರೆ ಎಷ್ಟೋ ಸಲ ಕೆಡಿಸುತ್ತದೆ: ಪ್ರೋಟೀನು ಸರಿಯಾಗಿ ಮಡಚಿಕೊಳ್ಳದೆ ಗಂಟುಗಂಟಾಗುತ್ತದೆ, ಇಲ್ಲವೇ ತಯಾರಾದ ಕೈನೇಸ್ ಆ ಬ್ಯಾಕ್ಟೀರಿಯದ ಮನೆಯೊಳಗೇ ಕಂಡಕಂಡದ್ದಕ್ಕೆ ಫಾಸ್ಫೇಟ್ ಅಂಟಿಸಿ ಅದನ್ನೇ ಹಾಳು ಮಾಡುತ್ತದೆ. ನೀವು ಹುಳುವಾದರೂ ಪ್ರಾಣಿ ವರ್ಗ. ನಿಮ್ಮ ಜೀವಕೋಶಕ್ಕೆ ನಮ್ಮ ಪ್ರೋಟೀನು ಮಡಚುವ ಹದ ಗೊತ್ತು, ಅದಕ್ಕೆ ಬೇಕಾದ ಮೊದಲ ಫಾಸ್ಫೇಟನ್ನು ಹಚ್ಚಿ ಜೀವಂತ ಮಾಡಿ ಕೊಡುವುದೂ ಗೊತ್ತು. ಪೈಪೋಟಿ ಇಲ್ಲವೆಂದು ಮೈಮರೆಯಬೇಡಿ. 2005ರಲ್ಲಿ ಕೆಲವರು ಪ್ಲೇಗಿನ ಮನೆತನದ ಯರ್ಸಿನಿಯಾ ಎಂಬ ಬ್ಯಾಕ್ಟೀರಿಯದಿಂದ ಫಾಸ್ಫೇಟ್ ಕಿತ್ತುಹಾಕುವ ಕಿಣ್ವವೊಂದನ್ನು ಎರವಲು ತಂದು, ಅದನ್ನೂ ಕೈನೇಸನ್ನೂ ಇ. ಕೋಲಿಯಲ್ಲಿ ಒಟ್ಟಿಗೆ ಕೂಡಿಸಿ ಕೆಲಸ ಸಾಧಿಸಿದ್ದಾರೆ. ಹಚ್ಚುವವನ ಪಕ್ಕದಲ್ಲೇ ಅಳಿಸುವವನನ್ನು ನೌಕರಿಗೆ ಇಟ್ಟದ್ದು. ನಮ್ಮ ಕೆಲವು ಕಚೇರಿಗಳಲ್ಲಿ ಈ ಏರ್ಪಾಡು ಬಹಳ ಹಿಂದಿನಿಂದ ಇದೆ.

ಆದರೆ ನಿಮ್ಮ ಜೀವಕೋಶಕ್ಕೆ ಮನುಷ್ಯನ ಕೈನೇಸು ಮಾಡು ಅಂತ ಹೇಳುವವರು ಯಾರು? ಇಲ್ಲಿ ನನ್ನ ಕಿವಿ ನೆಟ್ಟಗಾಯಿತು. ಒಂದು ವೈರಸ್. ಬ್ಯಾಕ್ಯುಲೊವೈರಸ್ ಅಂತ ಅವಳು ಅಂದಳು. ‘ಅಂದರೆ ಮಾಮಾ, ನಿಮ್ಮ ಎನ್‌ಪಿವಿ’ ಅಂತಲೂ ಸೇರಿಸಿದಳು.

ಅಕ್ಕಾರ, ಎನ್‌ಪಿವಿಯನ್ನು ತೊಗರಿ ಬೆಳೆಯುವ ಸಿಂದಗಿ, ಮುದ್ದೇಬಿಹಾಳದವರಿಗೆ ಪರಿಚಯ ಮಾಡಿಕೊಡುವುದೇ? ತೊಗರಿಯ ಕಾಯಿಕೊರಕ, ನಿಮ್ಮ ದೂರದ ದಾಯಾದಿ ಹೆಲಿಕೊವರ್ಪಾ, ಎಷ್ಟೋ ವರ್ಷ ನಮ್ಮನ್ನು ಅರೆದು ಹಾಕಿತು. ಎಣ್ಣಿಗೆ ಬಗ್ಗದೆ ಹೋದಾಗ ಗಿಡ ಅಲ್ಲಾಡಿಸಿ ಕೆಳಗೆ ಹಾಸಿದ ಪ್ಲಾಸ್ಟಿಕ್ ಹಾಳೆಗೆ ಹುಳು ಉದುರಿಸಿಕೊಂಡು ಆರಿಸಿದ್ದೇವೆ. ಆಗ ಗೊತ್ತಾದದ್ದು ಈ ನಂಜು. ತಗುಲಿದ ಹುಳು ಮೇವು ಬಿಟ್ಟು ಗಿಡದ ತುದಿಗೆ ಏರುತ್ತದೆ, ಹಿಂಗಾಲು ಕಚ್ಚಿ ತಲೆ ಕೆಳಗೆ ಮಾಡಿ ಜೋತುಬೀಳುತ್ತದೆ, ಒಳಗೆಲ್ಲ ನೀರಾಗಿ ಒಡೆದು ಕೆಳಗಿನ ಎಲೆಗಳ ಮೇಲೆ ಸುರಿಯುತ್ತದೆ. ಹುಳವನ್ನು ಮೇಲೆ ಹತ್ತಿಸುವುದೂ ವೈರಸ್ಸಿನದೇ ಹಂಚಿಕೆ. ಮೇಲಿಂದ ಸುರಿದರೆ ಹೆಚ್ಚು ಎಲೆಗೆ ಬೀಳುತ್ತದಲ್ಲ. ಆ ಸತ್ತ ಹುಳುಗಳನ್ನು ಆರಿಸಿ, ಅರೆದು, ಬಟ್ಟೆಯಲ್ಲಿ ಸೋಸಿ, ಬೆಲ್ಲ ಮತ್ತು ಬಟ್ಟೆಗೆ ಹಾಕುವ ನೀಲಿ ಬೆರೆಸಿ, ಇಳಿಹೊತ್ತಿನಲ್ಲಿ ಹೊಡೆಯಬೇಕು. ಬೆಲ್ಲ ಹುಳು ತಿನ್ನಲಿ ಅಂತ, ನೀಲಿ ಮತ್ತು ಇಳಿಹೊತ್ತು ಬಿಸಿಲಿಗೆ ವೈರಸ್ ಸಾಯದಿರಲಿ ಅಂತ. ಹೆಕ್ಟೇರಿಗೆ 250 ಎಲ್‌ಇ ಅಂತ ಅಳತೆ ಹೇಳುತ್ತಾರೆ. ಸರಳವಾಗಿ ಅಂದರೆ ನಂಜು ತುಂಬಿ ಸತ್ತ 250 ದೊಡ್ಡ ಹುಳುಗಳ ಸಾರ.

ಈ ವೈರಸ್ ಬಿಸಿಲು ಮಳೆಯಲ್ಲಿ ಬದುಕಲು ತನ್ನ ಸುತ್ತ ಪಾಲಿಹೆಡ್ರಿನ್ ಎಂಬ ಪ್ರೋಟೀನಿನ ಹರಳು ಕಟ್ಟಿಕೊಳ್ಳುತ್ತದೆ. ಹುಳುವಿನ ಕರುಳಿನ ಕ್ಷಾರಕ್ಕೆ ಮಾತ್ರ ಆ ಹರಳು ಕರಗುತ್ತದೆ. ಅದನ್ನು ತಯಾರಿಸಲು ಸಾಯುತ್ತಿರುವ ಜೀವಕೋಶದ ಶಕ್ತಿಯನ್ನೆಲ್ಲ ಹಿಂಡುತ್ತದೆ. ಸಮ್ಮರ್ಸ್ ಮತ್ತು ಸ್ಮಿತ್ ಅವರ ಜಾಣತನ ಇಲ್ಲಿದೆ. ಸೀಸೆಯೊಳಗೆ ಬಿಸಿಲಿಲ್ಲ, ಮಳೆಯಿಲ್ಲ, ಹರಳು ಬೇಕಿಲ್ಲ. ಹಾಗಾದರೆ ಆ ಜಾಗದಲ್ಲಿ ಮನುಷ್ಯನ ವಂಶವಾಹಿ ಕೂಡಿಸಿದರೆ? ವೈರಸ್ ಅದೇ ಹುರುಪಿನಲ್ಲಿ ಮನುಷ್ಯನ ಪ್ರೋಟೀನು ಮಾಡಿಸುತ್ತದೆ. ಅವರು 1983ರಲ್ಲಿ ಮೊದಲು ಮಾಡಿಸಿದ್ದು ಮನುಷ್ಯನ ಇಂಟರ್‌ಫೆರಾನ್. ಆಮೇಲೆ ಕೈನೇಸುಗಳ ಸಾಲೇ ಬಂತು. ವೈರಸ್ಸು ಆಟೋಗ್ರಾಫಾ ಕ್ಯಾಲಿಫೋರ್ನಿಕಾ ಎಂಬ ಇನ್ನೊಂದು ಪತಂಗದ ಹುಳುವಿನದು, ಜೀವಕೋಶ ನಿಮ್ಮದು, ವಂಶವಾಹಿ ನಮ್ಮದು. ಕೊನೆಗೆ ಪ್ರೋಟೀನನ್ನು ಸಾರಿನಿಂದ ಹೆಕ್ಕಿ ತೆಗೆಯಲು ಹಿಡಿಕೆ ಬೇಕು. ಅದಕ್ಕೆ ಎಷ್ಟೋ ಸಲ ಜಿಎಸ್‌ಟಿ ಎಂಬ ಬಾಲ ಹಚ್ಚುತ್ತಾರೆ. ಗಾಬರಿ ಬೇಡ, ಇದು ತೆರಿಗೆಯಲ್ಲ. ಮನುಷ್ಯರ ರಕ್ತನಾಳದಲ್ಲಿ ವಾಸಿಸುವ ಶಿಸ್ಟೊಸೋಮಾ ಎಂಬ ಪರಾವಲಂಬಿ ಹುಳುವಿನ ಕಿಣ್ವ. ಇಂಡಿಯ ಲಿಂಬೆಗೆ ಈಗ ಜಿಐ ಮಾನ್ಯತೆ ಇದೆ, ಈ ಮಣ್ಣಿನದು, ಈ ನೀರಿನದು ಅಂತ ಹೇಳಿಕೊಳ್ಳಬಹುದು. ಸೀಸೆಯ ಮೇಲೆ ‘ಮಾನವ ಕೈನೇಸ್’ ಅಂತ ಬರೆದ ಈ ಪದಾರ್ಥದ ಊರು ಯಾವುದು ಅಂತ ಕೇಳಿದರೆ ತಹಶೀಲ್ದಾರರು ಯಾವ ದಾಖಲೆ ಕೊಡುತ್ತಾರೋ.

ಅದೇ ಸೀಸೆಯ ಮೇಲೆ ಇನ್ನೊಂದು ಸಾಲು ಇರುತ್ತದೆ: ಸಂಶೋಧನೆಗೆ ಮಾತ್ರ, ಮನುಷ್ಯರಿಗೆ ಬಳಸತಕ್ಕದ್ದಲ್ಲ. ಮನುಷ್ಯನದೇ ಕಿಣ್ವ ಮನುಷ್ಯನಿಗೆ ಬೇಡ! ಶುದ್ಧತೆ, ಪರೀಕ್ಷೆ, ಕಾನೂನು ಎಲ್ಲ ನನಗೂ ಅರ್ಥವಾಗುತ್ತದೆ, ಆದರೂ ಆ ಸಾಲು ಓದಿದಾಗ ನಗು ತಡೆಯಲಿಲ್ಲ.

ದರದ ಮಾತು. ಇಂಥ ಕೈನೇಸು ಹತ್ತು ಮೈಕ್ರೋಗ್ರಾಮಿಗೆ ನೂರಾರು ಡಾಲರ್. ಲೆಕ್ಕಕ್ಕೆ 30,000 ರೂಪಾಯಿ ಅಂತ ಹಿಡಿಯಿರಿ. ನಮ್ಮ ಮಾಲದಂಡಿ ಜೋಳದ ಒಂದು ಕಾಳು ಹೆಚ್ಚುಕಡಿಮೆ 30 ಮಿಲಿಗ್ರಾಂ ತೂಗುತ್ತದೆ. ಅದನ್ನು ಮೂರು ಸಾವಿರ ಪಾಲು ಮಾಡಿ ಒಂದು ಪಾಲು ಎತ್ತಿಕೊಂಡರೆ ಹತ್ತು ಮೈಕ್ರೋಗ್ರಾಂ. ಜೋಳದ ಕಾಳಿನಷ್ಟು ಕೈನೇಸು ಬೇಕಾದರೆ 9 ಕೋಟಿ ರೂಪಾಯಿ. ಒಂದು ಗ್ರಾಮಿಗೆ 300 ಕೋಟಿ. ಹಾಗಂತ ಒಂದು ಗ್ರಾಂ ಯಾರೂ ಕೊಳ್ಳುವುದಿಲ್ಲ ಬಿಡಿ. ಒಂದು ಚಿಕ್ಕ ಸೀಸೆಯಲ್ಲಿ ಎಷ್ಟೋ ಪರೀಕ್ಷೆ ಆಗುತ್ತವೆ. ಒಣ ಮಂಜುಗಡ್ಡೆಯಲ್ಲಿ ಕೂತು ಬರುತ್ತದೆ, ಬಂದ ಮೇಲೆ ಮೈನಸ್ 80 ಡಿಗ್ರಿಯ ಪೆಟ್ಟಿಗೆಯಲ್ಲಿ ಮಲಗುತ್ತದೆ, ಒಮ್ಮೆ ಕರಗಿಸಿ ಮತ್ತೆ ಗಟ್ಟಿ ಮಾಡಿದರೆ ಮುನಿಸಿಕೊಳ್ಳುತ್ತದೆ. ನಿಮ್ಮ ಮೊಮ್ಮಕ್ಕಳು ನಮ್ಮ ಹೊಲದಲ್ಲಿ ತಿಂದ ಗೊಂಜಾಳವನ್ನು ಈ ದರದಲ್ಲಿ ವಸೂಲಿ ಮಾಡುವಂತಿದ್ದರೆ, ಕಣಕಿ ಸಮೇತ ಹೊಲವನ್ನೇ ನಿಮಗೆ ಬರೆದುಕೊಡುತ್ತಿದ್ದೆವು.

ವ್ಯಂಗ್ಯ ಸಾಕು, ಉಪಯೋಗವನ್ನೂ ಹೇಳಬೇಕು. ಒಂಬತ್ತನೇ ಮತ್ತು ಇಪ್ಪತ್ತೆರಡನೇ ವರ್ಣತಂತುಗಳ ತುಂಡುಗಳು ಅದಲುಬದಲಾಗಿ ಎಬಿಎಲ್ ಎಂಬ ಕೈನೇಸ್ ಹುಚ್ಚು ಹಿಡಿದು ಓಡುವುದೇ ಒಂದು ಬಗೆಯ ರಕ್ತ ಕ್ಯಾನ್ಸರು, ಸಿಎಂಎಲ್. ಹಾಗೆ ಚಿಕ್ಕದಾದ ಇಪ್ಪತ್ತೆರಡನೇ ವರ್ಣತಂತುವನ್ನು 1960ರಲ್ಲಿ ಫಿಲಡೆಲ್ಫಿಯಾದಲ್ಲಿ ನೋವೆಲ್ ಮತ್ತು ಹಂಗರ್‌ಫರ್ಡ್ ಕಂಡರು. ತುಂಡುಗಳು ಬದಲಾದದ್ದನ್ನು 1973ರಲ್ಲಿ ಜಾನೆಟ್ ರೌಲಿ ತೋರಿಸಿದರು. ಹುಚ್ಚು ಹಿಡಿದ ಆ ಕೈನೇಸಿನ ಕೈ ಕಟ್ಟುವ ಇಮಾಟಿನಿಬ್ ಗುಳಿಗೆ 2001ರಲ್ಲಿ ಬಂತು. ಅಲ್ಲಿಂದ ಇಲ್ಲಿಯವರೆಗೆ ಬಂದ ಇಂಥ ಎಷ್ಟೋ ಗುಳಿಗೆಗಳ ಪರೀಕ್ಷೆಗೆ, ಯಾವ ಔಷಧ ಯಾವ ಕೈನೇಸಿನ ಕೈ ಕಟ್ಟುತ್ತದೆ, ಯಾವುದನ್ನು ಬಿಡುತ್ತದೆ ಅಂತ ನೋಡಲು, ನಿಮ್ಮ ಜೀವಕೋಶಗಳು ಮಾಡಿಕೊಟ್ಟ ಕೈನೇಸುಗಳು ಬೇಕಾಗಿವೆ. ನಮ್ಮ ಕಡೆಯವರು ರಕ್ತದ ರಿಪೋರ್ಟು ಹಿಡಿದು ರಾತ್ರಿ ಬಸ್ಸಿಗೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಆಸ್ಪತ್ರೆಗೆ ಹೋಗುತ್ತಾರೆ. ಸಿಎಂಎಲ್ ಅಂತಾದರೆ ದಿನಾ ಒಂದು ಗುಳಿಗೆ ನುಂಗಿ ಹೊಲಕ್ಕೆ ಮರಳಬಹುದು, ಹಿಂದೆ ಹಾಗಿರಲಿಲ್ಲ. ಗ್ಲಿವೆಕ್ ಎಂಬ ಬ್ರ್ಯಾಂಡ್ ಹೆಸರಿನಲ್ಲಿ ಆ ಗುಳಿಗೆ ತಿಂಗಳಿಗೆ ಲಕ್ಷ ರೂಪಾಯಿ ದಾಟುತ್ತಿತ್ತು. 2013ರ ಏಪ್ರಿಲ್ 1ರಂದು ಸುಪ್ರೀಂ ಕೋರ್ಟು ನೊವಾರ್ಟಿಸ್ ಕಂಪನಿಗೆ ಪೇಟೆಂಟ್ ಇಲ್ಲ ಅಂದಿತು. ಭಾರತದ ಕಂಪನಿಗಳ ಗುಳಿಗೆ ಅದರ ಹತ್ತನೇ ಒಂದು ಪಾಲಿಗೂ ಕಡಿಮೆಗೆ ಸಿಗುವುದಕ್ಕೆ ದಾರಿ ಗಟ್ಟಿಯಾಯಿತು. ಪುಣೆಯ ಸೀರಂ ಸಂಸ್ಥೆ ತಯಾರಿಸಿದ, 2021ರ ಡಿಸೆಂಬರಿನಲ್ಲಿ ಅನುಮತಿ ಸಿಕ್ಕ ಕೋವೊವ್ಯಾಕ್ಸ್ ಕೋವಿಡ್ ಲಸಿಕೆಯ ಪ್ರೋಟೀನೂ ನಿಮ್ಮ ಎಸ್‌ಎಫ್-9ರಲ್ಲೇ ಬೆಳೆದದ್ದು. ನಮ್ಮ ಹುಡುಗರು ಪುಣೆಗೆ ಹೋಗಿ ಇಟ್ಟಿಗೆ ಹೊತ್ತರು, ನಿಮ್ಮವರು ಲಸಿಕೆ ಮಾಡಿದರು. ಎಷ್ಟೆಂದರೂ ನಿಮ್ಮದು ಒಳ್ಳೆಯ ಗುಳೆ. ಇಷ್ಟೆಲ್ಲ ನಂಬಿಕೆಯ ಕೆಲಸ ಮಾಡುತ್ತಿದ್ದವರ ಜೀವಕೋಶದೊಳಗೆ, ಯಾರಿಗೂ ಗೊತ್ತಿಲ್ಲದ ಒಂದು ರ‍್ಯಾಬ್ಡೊವೈರಸ್ ಬಾಡಿಗೆಗಿದೆ ಅಂತ 2014ರಲ್ಲಿ ಅಮೆರಿಕದ ಎಫ್‌ಡಿಎ ವಿಜ್ಞಾನಿಗಳು ಪತ್ತೆ ಮಾಡಿದರಂತೆ. ಮೂವತ್ತು ವರ್ಷ ಮುಚ್ಚಿಟ್ಟುಕೊಂಡಿದ್ದಿರಿ. ಅಬ್ಬಾ ನಿಮ್ಮ ಗುಟ್ಟು.

ಈಗ ತಕರಾರಿಗೆ ಬರುತ್ತೇನೆ, ಅಕ್ಕಾರ. ಅದು ನಿಮ್ಮ ಮೇಲಲ್ಲದಿದ್ದರೂ ನಿಮ್ಮ ಹೆಸರಿಗೇ ಬರೆಯಬೇಕಾಗಿದೆ. ಬೇರೆ ಯಾರೂ ನಮ್ಮ ಹೊಲಕ್ಕೆ ಇಷ್ಟು ತಪ್ಪದೆ ಬರುವುದಿಲ್ಲ.

1978ರಲ್ಲಿ ಬೆಂಗಳೂರಿನಲ್ಲಿ ಬಯೋಕಾನ್ ಶುರುವಾದದ್ದು ಪಪ್ಪಾಯಿ ಕಾಯಿಯ ಹಾಲಿನಿಂದ ತೆಗೆದ ಪಪೇನ್‌ನಂಥ ಸರಕಿನಿಂದ. ಆಗ ಕಿಣ್ವದ ವ್ಯಾಪಾರಕ್ಕೆ ರೈತನ ತೋಟ ಬೇಕಿತ್ತು. ಈಗ ರೈತನ ಹುಳು ಸಾಕು, ಅದೂ 1970ರ ದಶಕದ ಹುಳು. ಇದರಲ್ಲಿ ಅನ್ಯಾಯವೇನೂ ಇಲ್ಲ. ವಿಜ್ಞಾನ ಮುಂದೆ ಹೋಗುತ್ತದೆ. ನನಗೆ ತಿಳಿಯದ್ದು ಇಷ್ಟೇ. ನಿಮ್ಮನ್ನೂ ಆ ವೈರಸ್ಸನ್ನೂ ಒಂದು ಸೀಸೆಯಲ್ಲಿ ಕೂಡಿಸಿ, ಮನುಷ್ಯನ ವಂಶವಾಹಿ ಇಟ್ಟು, ಕಾಳಿನ ಮೂರು ಸಾವಿರದಲ್ಲೊಂದು ಪಾಲನ್ನು ತೂಗಿ, ಮಂಜುಗಡ್ಡೆಯಲ್ಲಿಟ್ಟು ಸಮುದ್ರ ದಾಟಿಸಿ ಹೇಳಿದ ದಿನಕ್ಕೆ ತಲುಪಿಸುವ ಜಾಣರ ಜಗತ್ತು, ಬರೀ ನಿಮ್ಮನ್ನು ಕೊಲ್ಲುವ ವೈರಸ್ಸನ್ನು, ಏನೂ ಬದಲಾಯಿಸದೆ, ಹುಳು ಸಣ್ಣದಿರುವಾಗ ನಮ್ಮ ಊರಿನ ಗೊಬ್ಬರದ ಅಂಗಡಿಗೆ ಮುಟ್ಟಿಸಲಾರದೆ? ಜ್ಞಾನ ಇಲ್ಲ ಅನ್ನುವಂತಿಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ ನಿಮಗೇ ಮೀಸಲಾದ ಎನ್‌ಪಿವಿಯನ್ನು ಬೇರ್ಪಡಿಸಿದೆ. ಧಾರವಾಡದ ಕೃಷಿ ವಿಶ್ವವಿದ್ಯಾಲಯ ನಿಮ್ಮ ಮೈಮೇಲೆ ಬೂಷ್ಟು ಬೆಳೆಸಿ ಕೊಲ್ಲುವ ನೊಮುರಿಯಾ ಶಿಲೀಂಧ್ರದ ಮೇಲೆ ಬಹಳ ವರ್ಷ ಕೆಲಸ ಮಾಡಿದೆ. ಇಂಡಿಯಲ್ಲೇ ಕೃಷಿ ವಿಜ್ಞಾನ ಕೇಂದ್ರ ಇದೆ. ಆದರೆ ಹುಳು ಸುಳಿಗೆ ಇಳಿದ ವಾರ ಅಂಗಡಿಗೆ ಹೋಗಿ ಎನ್‌ಪಿವಿ ಕೇಳಿದರೆ, ಒಬ್ಬರು ‘ಮುಂದಿನ ವಾರ ಬರ್ರಿ’ ಅಂತಾರೆ, ಇನ್ನೊಬ್ಬರು ‘ಅದೆಲ್ಲ ನಿಧಾನರೀ, ಇದನ್ನ ಒಯ್ಯಿರಿ, ಸಂಜೀಕ ಬಿದ್ದು ಸಾಯ್ತಾವು’ ಅಂತ ಕೆಂಪು ತ್ರಿಕೋನದ ಡಬ್ಬಿ ಕೈಗಿಡುತ್ತಾರೆ. ವೈರಸ್ಸಿಗೆ ನಾಲ್ಕಾರು ದಿನ ಬೇಕು, ನಿಜ. ಅದನ್ನು ತಂಪಿನಲ್ಲಿಡಬೇಕು, ಇಳಿಹೊತ್ತಿನಲ್ಲೇ ಹೊಡೆಯಬೇಕು, ಸಣ್ಣ ಹುಳು ಇರುವಾಗಲೇ ಹೊಡೆಯಬೇಕು. ಅದರಲ್ಲಿ ಅಂಗಡಿಯವನಿಗೆ ಉಳಿಯುವುದು ಕಡಿಮೆ, ತಯಾರಿಸುವವನಿಗೂ ಕಡಿಮೆ. ವೈರಸ್ ಮಾಡಿಸಿಕೊಟ್ಟ ಮನುಷ್ಯನ ಕೈನೇಸಿಗೆ ಮೈನಸ್ 80ರ ಪೆಟ್ಟಿಗೆ, ಬರಿಗೈಲಿ ಬಂದ ವೈರಸ್ಸಿಗೆ ಅಂಗಡಿಯ ಫ್ರಿಜ್ಜಿನಲ್ಲೂ ಜಾಗವಿಲ್ಲ. ಒಂದು ಸೀಸೆಯನ್ನು ಕೊಳ್ಳುವವರು ಬೆಂಗಳೂರಿನಲ್ಲಿದ್ದಾರೆ, ಇನ್ನೊಂದನ್ನು ಕೊಳ್ಳುವವರು ಮುದ್ದೇಬಿಹಾಳದಲ್ಲಿದ್ದಾರೆ. ನನ್ನ ಕೈಲಿ ಅರ್ಥ ಮಾಡಿಕೊಳ್ಳಲು ಆದದ್ದು ಇಷ್ಟು.

ತಂಗಿಯ ಮಗಳಿಗೆ ಇದನ್ನು ಹೇಳಿದೆ. ಅವಳೂ ರೈತರ ಮನೆಯವಳೇ, ಸಿಟ್ಟಾಗಲಿಲ್ಲ. ‘ಮಾಮಾ, ನನ್ನ ಕೆಲಸಕ್ಕ ದುಡ್ಡು ಕೊಡವ್ರು ಯಾರು ಅದಾರ ನೋಡ್ರಿ, ನಿಮ್ಮ ಹುಳಕ್ಕ ದುಡ್ಡು ಕೊಡವ್ರು ಯಾರು ಅದಾರ ನೋಡ್ರಿ’ ಅಂದು ಬುತ್ತಿ ಬಿಚ್ಚಿದಳು.

ಆದ್ದರಿಂದ ಸರ್ಕಾರಕ್ಕೆ, ಕಂಪನಿಗೆ, ಅಂಗಡಿಗೆ ಬರೆಯುವುದು ಬಿಟ್ಟು ನೇರ ನಿಮಗೇ ಬಿನ್ನಹ. ಬರಬೇಡಿ ಅನ್ನುವುದಿಲ್ಲ, ನೀವು ಬಂದೇ ಬರುತ್ತೀರಿ. ಬರುವಾಗ ನಿಮ್ಮಲ್ಲಿ ನಂಜು ತಗುಲಿದವರು ಯಾರಾದರೂ ಇದ್ದರೆ ಬಿಟ್ಟು ಬರಬೇಡಿ, ಕರೆದುಕೊಂಡೇ ಬನ್ನಿ. ಅವರು ಗೊಂಜಾಳದ ತುದಿಗೆ ಏರಿ ತಲೆಕೆಳಗಾಗಿ ಜೋತುಬಿದ್ದಾಗ ನಾವು ಬೆಳಿಗ್ಗೆ ಬೇಗ ಹೋಗಿ, ಒಡೆಯುವ ಮುಂಚೆ ಆರಿಸಿಕೊಳ್ಳುತ್ತೇವೆ. ಅರೆಯುವ ಕಲ್ಲು ಮನೆಯಲ್ಲಿದೆ, ಬೆಲ್ಲ ಇದೆ, ಬಟ್ಟೆಗೆ ಹಾಕುವ ನೀಲಿ ಕಿರಾಣಿ ಅಂಗಡಿಯಲ್ಲಿ ಸಿಗುತ್ತದೆ. ತೊಗರಿಯ ಕಾಯಿಕೊರಕದ ನಂಜು ನಿಮ್ಮ ಮೇಲೆ ನಡೆಯುವುದಿಲ್ಲವಂತೆ, ನಿಮ್ಮದು ನಿಮ್ಮವರಿಂದಲೇ ಆಗಬೇಕಂತೆ. ಹೆಕ್ಟೇರಿಗೆ ಇನ್ನೂರೈವತ್ತು ಮಂದಿ ಸಾಕು. ಅಮೆರಿಕದಿಂದ ಇಲ್ಲಿವರೆಗೆ ಬಂದ ನಿಮ್ಮ ಸಂಸಾರಕ್ಕೆ ಅದು ದೊಡ್ಡ ಸಂಖ್ಯೆಯಲ್ಲ.

ಇತಿ,
ನಾಲ್ಕು ತಾಲ್ಲೂಕಿನ ಪರವಾಗಿ
ಬಾಗೇವಾಡಿ ಸೀಮೆಯ ಒಬ್ಬ ಗೊಂಜಾಳದ ರೈತ

ತಾ.ಕ.: ಮೊಟ್ಟೆ ಇಡುವುದಿದ್ದರೆ ದಯಮಾಡಿ ಎಲೆಯ ಮೇಲ್ಭಾಗದಲ್ಲಿ, ಕಾಣುವ ಹಾಗೆ ಇಡಿ. ಬಗ್ಗಿ ನೋಡಲು ಈಗ ನನ್ನ ಸೊಂಟ ಒಪ್ಪುವುದಿಲ್ಲ.